ಖಾಲಿ ಶಟರ್ ಅಂಗಡಿಗೆ 9 ಲಕ್ಷ ಇಂಟೀರಿಯರ್, ಓನರ್ ಹತ್ರ ಎಷ್ಟು ಕೇಳ್ಬೋದು?

ಬನ್‌ಬೆಣ್ಣೆ:
ಎಲ್ರಿಗೂ ನಮಸ್ಕಾರ. ವಿಜಯನಗರದಲ್ಲಿ ಬೇಕರಿ, ಜೊತೆಗೆ ಟೀ ಕಾಫಿ ಇಡೋಣ ಅಂತ 550 ಚದರಡಿ ಜಾಗ ನೋಡಿದೀವಿ, ಬಾಡಿಗೆ 50 ಸಾವಿರ, ಅಡ್ವಾನ್ಸ್ 5 ಲಕ್ಷ. ಒಳಗೆ ಏನಂದ್ರೆ ಏನೂ ಇಲ್ಲ, ಸಿಮೆಂಟ್ ನೆಲ, ಒಂದು ಶಟರ್, ಹಿಂದುಗಡೆ ಒಂದು ನಲ್ಲಿ. ಟೈಲ್ಸ್, ವೈರಿಂಗ್, ಸಿಂಕು, ಟಾಯ್ಲೆಟ್, ಕೌಂಟರ್, ಬೋರ್ಡು ಎಲ್ಲಾ ಸೇರಿ ಕಂಟ್ರಾಕ್ಟರ್ 9 ಲಕ್ಷ ಅಂತಿದಾರೆ. ಓನರ್ ಅಂಕಲ್ ಒಳ್ಳೆಯವ್ರೇ, ಆದ್ರೆ "ನಿಮ್ಗೆ ಹೆಂಗ್ ಬೇಕೋ ಹಂಗ್ ಮಾಡ್ಸ್ಕೊಳಿ" ಅಂತಾರೆ ಹೊರತು ದುಡ್ಡಿನ ಮಾತೇ ಎತ್ತಲ್ಲ. ಅಗ್ರಿಮೆಂಟು 11 ತಿಂಗಳದ್ದು, ಆಮೇಲೆ ರಿನ್ಯೂ ಮಾಡ್ತಾ ಹೋಗೋಣ ಅಂತೆ. ನಮ್ ಭಾವ ಅರ್ಧ ಕೇಳು ಅಂತಾರೆ. ಹಂಗೆಲ್ಲಾ ಕೊಡ್ತಾರಾ?

ಹಳೇ ಗಲ್ಲಾಪೆಟ್ಟಿಗೆ:
ಕೈಗೆ ದುಡ್ಡು ಅಂತೂ ಕೊಡಲ್ಲ ಸರ್. ದೊಡ್ಡ ದೊಡ್ಡ ಟೆಕ್ ಪಾರ್ಕಲ್ಲಿ ಅದೆಲ್ಲಾ ನಡೆಯುತ್ತೆ, ನಮ್ಮಂಥೋರಿಗೆ ಬಾಡಿಗೇಲಿ ಹಿಡ್ಕೊಳೋದೇ ದಾರಿ.
ಮೊದ್ಲು ಆ 9 ಲಕ್ಷದ ಎಸ್ಟಿಮೇಟನ್ನ ಎರಡು ಮಾಡಿ, ಖಾಲಿ ಮಾಡೋವಾಗ ಗಾಡಿ ಮೇಲೆ ಹಾಕ್ಕೊಂಡು ಹೋಗೋದು ಒಂದು ಕಡೆ (ಕೌಂಟರ್, ರ್‍ಯಾಕು, ಬೋರ್ಡು), ಗೋಡೆ ನೆಲಕ್ಕೆ ಅಂಟ್ಕೊಂಡು ಉಳ್ಯೋದು ಇನ್ನೊಂದು ಕಡೆ (ಟೈಲ್ಸ್, ಟಾಯ್ಲೆಟ್, ಡ್ರೈನೇಜು, ವೈರಿಂಗು). ಉಳ್ಯೋದು 5 ಲಕ್ಷ ಅಂತ ಇಟ್ಕೊಳಿ, ಮೂರು ವರ್ಷ ಇರ್ತೀರಿ ಅಂದ್ರೆ 36ರಲ್ಲಿ ಭಾಗಿಸಿ, ಹತ್ರ ಹತ್ರ 14 ಸಾವಿರ. ಅಂದ್ರೆ ನಿಮ್ ನಿಜವಾದ ಬಾಡಿಗೆ 50 ಅಲ್ಲ, 64. ಆ 64ಕ್ಕೆ ವ್ಯಾಪಾರ ಗಿಟ್ಟುತ್ತಾ ನೋಡಿ, ಗಿಟ್ಟಲ್ಲ ಅಂದ್ರೆ ಪಕ್ಕದ ಬೀದೀಲಿ ಟೈಲ್ಸ್ ಹಾಕಿರೋ 58 ಸಾವಿರದ ಅಂಗಡಿನೇ ಅಗ್ಗ.
ಓನರ್ ಹತ್ರ ಕೇಳ್ಬೇಕಾದ್ದು ಆ 5 ಲಕ್ಷದ ಬಗ್ಗೆ ಮಾತ್ರ, ಯಾಕಂದ್ರೆ ಅದು ನಾಳೆ ಅವ್ರದ್ದೇ ಆಸ್ತಿ. ತಿಂಗಳಿಗೆ 10 ಸಾವಿರದಂತೆ 20 ತಿಂಗಳು ಬಾಡಿಗೇಲಿ ಕಳೀರಿ ಅಂದ್ರೆ 2 ಲಕ್ಷ ಬಂತು. ಜೊತೆಗೆ ಕೆಲ್ಸ ನಡ್ಯೋ ಎರಡು ತಿಂಗಳು ಬಾಡಿಗೆ ಬೇಡ ಅನ್ಸಿ, ಅದು ಇನ್ನೊಂದು ಲಕ್ಷ. ಒಲೆ ಹಚ್ಚೋಕ್ ಮುಂಚೆನೇ ಬಾಡಿಗೆ ಕಟ್ಟೋದಿದ್ಯಲ್ಲ, ಅದನ್ನ ಯಾರೂ ಬಜೆಟ್ಟಲ್ಲಿ ಬರ್ಕೊಳಲ್ಲ. ನಾನೂ ಬರ್ಕೊಂಡಿರ್ಲಿಲ್ಲ ಬಿಡಿ.

ತ್ರೀಫೇಸ್:
ಓವನ್ ಕರೆಂಟಿಂದಾ ಗ್ಯಾಸಾ? ಕರೆಂಟ್ ಆದ್ರೆ ಮೀಟರ್ ಬಿಲ್ಲಲ್ಲಿ ಸ್ಯಾಂಕ್ಷನ್ ಲೋಡ್ (ಆ ಕನೆಕ್ಷನ್ನಿಗೆ ಮಂಜೂರಾಗಿರೋ ಕರೆಂಟು) ಎಷ್ಟಿದೆ ನೋಡಿ. 3 ಕಿಲೋವ್ಯಾಟ್ ಸಿಂಗಲ್ ಫೇಸ್ ಇಟ್ಕೊಂಡು ಡೆಕ್ ಓವನ್ ಕೂರ್ಸಕ್ಕಾಗಲ್ಲ. ಬೆಸ್ಕಾಂನಲ್ಲಿ ಲೋಡ್ ಜಾಸ್ತಿ ಮಾಡ್ಸೋ ಡೆಪಾಸಿಟ್ಟು ಕನೆಕ್ಷನ್ ಇರೋ ಓನರ್ ಹೆಸ್ರಲ್ಲೇ ಕೂತ್ಕೊಳುತ್ತೆ, ನೀವು ಕಟ್ಟಿದ್ರೂ ಅಷ್ಟೇ. ಅದನ್ನ ಓನರೇ ಕಟ್ಲಿ, ಇಲ್ಲಾಂದ್ರೆ ಅಡ್ವಾನ್ಸ್ ಜೊತೆ ವಾಪಸ್ ಅಂತ ಬರ್ಸ್ಕೊಳಿ.

ಲೆಕ್ಕದ ಪುಸ್ತಕ:
ಎಲ್ಲಾ ಸರಿ, ಆದ್ರೆ 11 ತಿಂಗಳ ಅಗ್ರಿಮೆಂಟ್ ಮೇಲೆ 9 ಲಕ್ಷ ಸುರೀಬೇಡಿ ಮಾರಾಯ್ರೆ. 11 ತಿಂಗಳು ಮುಗಿದ್ಮೇಲೆ ಹೊಸಾ ಪತ್ರ ಇಲ್ದೆ ಬಾಡಿಗೆ ಕೊಡ್ತಾ ಕೂತ್ರೆ ತಿಂಗಳ ಬಾಡಿಗೆದಾರ ಆಗ್ತೀರಿ, 15 ದಿನದ ನೋಟಿಸ್ ಸಾಕು ಎಬ್ಸೋಕೆ. ಸ್ಟಾಂಪ್ ಪೇಪರಲ್ಲಿ 3 ವರ್ಷ ಅಂತ ಬರ್ದು ರಿಜಿಸ್ಟರ್ ಮಾಡ್ಸಿಲ್ಲ ಅಂದ್ರೂ ಅದೇ ಕಥೆ. ಕರ್ನಾಟಕ ಬಾಡಿಗೆ ಕಾಯ್ದೆ 1999 ಇದ್ಯಲ್ಲಾ ಅನ್ಬೇಡಿ, 14 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗೆ ಅದು ಅನ್ವಯಿಸಲ್ಲ. ಐದು ವರ್ಷಕ್ಕೆ ರಿಜಿಸ್ಟರ್ ಮಾಡ್ಸಿ, ಆ ಖರ್ಚೂ ಬಜೆಟ್ಟಿಗೆ ಸೇರ್ಸಿ. ಲಾಕ್-ಇನ್ (ಇಷ್ಟು ದಿನ ಮಧ್ಯದಲ್ಲಿ ಮುರಿಯಂಗಿಲ್ಲ ಅನ್ನೋ ಷರತ್ತು) ನಿಮ್ಗೆ ಮಾತ್ರ ಅಲ್ಲ, ಅವ್ರಿಗೂ ಇರ್ಲಿ, ಮಧ್ಯದಲ್ಲಿ ಎಬ್ಸಿದ್ರೆ ಉಳಿದ ತಿಂಗಳ ಲೆಕ್ಕಕ್ಕೆ ಇಂಟೀರಿಯರ್ ದುಡ್ಡು ವಾಪಸ್ ಅಂತ ಒಂದು ಸಾಲು ಬರ್ಸಿ.
ಇನ್ನೊಂದು, ಆಸ್ತಿ ವರ್ಗಾವಣೆ ಕಾಯ್ದೆ 1882ರ ಪ್ರಕಾರ ನೀವು ಕೂರ್ಸಿದ್ದನ್ನ ಖಾಲಿ ಮಾಡೋಕ್ ಮುಂಚೆ ಬಿಚ್ಕೊಂಡು ಹೋಗ್ಬೋದು, ಜಾಗ ಮೊದ್ಲಿದ್ದ ಹಂಗೆ ಬಿಟ್ಟುಕೊಟ್ರೆ ಆಯ್ತು. ಆದ್ರೆ ಅಗ್ರಿಮೆಂಟಲ್ಲಿ "ಫಿಕ್ಸ್ಚರ್ ಎಲ್ಲಾ ಮಾಲೀಕರಿಗೆ ಸೇರಿದ್ದು" ಅಂತಿದ್ರೆ ಕಥೆ ಮುಗೀತು, ಅದಕ್ಕೇ ಸೈನ್ ಮಾಡೋಕ್ ಮುಂಚೆ ಓದಿ.
ಆ 9 ಲಕ್ಷದಲ್ಲಿ ಜಿಎಸ್‌ಟಿ ಸೇರಿದ್ಯಾ? ಇಲ್ಲಾಂದ್ರೆ 18% ಅಂದ್ರೆ 1.62 ಲಕ್ಷ ಮೇಲೆ. ನೀವು ಕಾಂಪೋಸಿಷನ್ (ಸಣ್ಣ ವ್ಯಾಪಾರದವ್ರು ವಹಿವಾಟಿನ ಮೇಲೆ ಕಮ್ಮಿ ದರದಲ್ಲಿ ಜಿಎಸ್‌ಟಿ ಕಟ್ಟೋ ಸ್ಕೀಮು) ತಗೊಂಡ್ರೂ, ಹೋಟೆಲ್ 5% ತಗೊಂಡ್ರೂ ಇನ್‌ಪುಟ್ (ಖರೀದಿಗೆ ಕೊಟ್ಟ ಜಿಎಸ್‌ಟಿನ ನೀವು ಕಟ್ಟೋದ್ರಲ್ಲಿ ಕಳ್ಕೊಳೋದು) ಸಿಗಲ್ಲ, ಪೂರ್ತಿ ನಿಮ್ ಜೇಬಿಂದಾನೇ.

ಬನ್‌ಬೆಣ್ಣೆ:
ಎಲ್ರಿಗೂ ಥ್ಯಾಂಕ್ಸ್. ಓವನ್ ಗ್ಯಾಸ್‌ದು, ಆದ್ರೆ ಹಿಟ್ಟು ಕಲ್ಸೋ ಮಿಕ್ಸರ್ರು, ಎರಡು ಫ್ರಿಜ್ಜು ಇದೆ, ಈಗಿರೋ ಲೋಡ್ ಸಾಲಲ್ಲ. ಜಿಎಸ್‌ಟಿ ಸೇರಿಲ್ವಂತೆ, ಈಗ ಕೇಳ್ದೆ, ಕಂಟ್ರಾಕ್ಟರ್ ನಕ್ಬಿಟ್ರು. ಅಂಕಲ್ ಹತ್ರ ಮಾತಾಡ್ದೆ, ಟಾಯ್ಲೆಟ್ಟು, ಡ್ರೈನೇಜು ತಾವೇ ಮಾಡ್ಸ್ತಾರಂತೆ, 45 ದಿನ ಬಾಡಿಗೆ ಬೇಡ ಅಂದ್ರು. ರಿಜಿಸ್ಟರ್ ಅಂದಿದ್ದಕ್ಕೆ ಮಾತ್ರ ಮುಖ ಸಣ್ಣ ಆಯ್ತು, ಮಗನ್ನ ಕೇಳಿ ಹೇಳ್ತೀನಿ ಅಂದಿದಾರೆ.

ಹಳೇ ಗಲ್ಲಾಪೆಟ್ಟಿಗೆ:
ಮಗ ಹೂಂ ಅನ್ನೋವರ್ಗೂ ಟೈಲ್ಸ್ ಅಂಗಡಿ ಕಡೆ ತಲೆ ಹಾಕ್ಬೇಡಿ. ಬೋರ್ಡು ಬರ್ಸೋವಾಗ 60% ಕನ್ನಡ ಇರ್ಲಿ, ಎರಡನೇ ಸಲ ಬರ್ಸೋ ಖರ್ಚಾದ್ರೂ ಉಳಿಯುತ್ತೆ.