ಸೈಕಲ್ ಟೂರಿಗೆ ಹಗುರದ ವಾಟರ್‌ಪ್ರೂಫ್ ಬ್ಯಾಗ್ ಮನೇಲೇ ಹೊಲ್ಕೊಂಡವರು ಯಾರಾದ್ರೂ ಇದ್ದೀರಾ?

ಗೌರಿಬಿದನೂರಿಂದ:
ಜುಲೈನಲ್ಲಿ ನಾನು, ನನ್ನ ಫ್ರೆಂಡು ಸೈಕಲ್ಲಲ್ಲಿ ಆಗುಂಬೆಗೆ ಹೋಗ್ಬೇಕು ಅಂತಿದೀವಿ. ರೆಡಿಮೇಡ್ ಪ್ಯಾನಿಯರ್ (ಕ್ಯಾರಿಯರ್ ಪಕ್ಕಕ್ಕೆ ನೇತುಹಾಕೋ ಬ್ಯಾಗ್) ರೇಟೂ ಜಾಸ್ತಿ, ತೂಕಾನೂ ಜಾಸ್ತಿ. ಮನೇಲಿ ಅಮ್ಮನ ಹೊಲಿಗೆ ಮೆಷಿನ್ ಇದೆ. ಯಾವ ಬಟ್ಟೆ ತಗೊಳ್ಳೋದು, ಹೊಲಿಗೆಯಲ್ಲಿ ನೀರು ಬರದಂಗೆ ಏನ್ ಮಾಡೋದು, ಜಿಪ್ ಹಾಕ್ಬೇಕಾ ಬೇಡ್ವಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ತುಮಕೂರಿಂದ:
ನಾನು ಇಲ್ಲೀವರೆಗೆ ಆರು ಬ್ಯಾಗ್ ಹೊಲಿದಿದೀನಿ, ಮೊದಲನೇದು ಸೋರಿತ್ತು, ಅದರ ಕಥೆನೇ ಮೊದ್ಲು ಹೇಳ್ತೀನಿ. ರೈನ್‌ಕೋಟ್ ಬಟ್ಟೆ ತಂದು ದಿಂಬಿನ ಕವರ್ ತರ ಹೊಲಿದು ಮೇಲೆ ಜಿಪ್ ಹಾಕಿ ತೀರ್ಥಹಳ್ಳಿ ಕಡೆ ಹೊರಟಿದ್ದೆ. ಸಂಜೆ ರೂಮಲ್ಲಿ ಶರ್ಟ್ ತೆಗೆದು ನೋಡಿದ್ರೆ ಪೂರ್ತಿ ಒದ್ದೆ ಆಗಿಲ್ಲ, ಎರಡು ಬೆರಳಗಲ ಒಂದು ಗೆರೆ ಎಳೆದಂಗೆ ಒದ್ದೆ, ಸರಿಯಾಗಿ ಹೊಲಿಗೆ ಎಲ್ಲಿತ್ತೋ ಅಲ್ಲೇ. ಜಿಪ್ ಕೆಳಗೆ ಇನ್ನೊಂದು ಗೆರೆ. ಬಟ್ಟೆ ಒಂದು ಹನಿನೂ ಬಿಟ್ಟಿರಲಿಲ್ಲ, ಸೂಜಿ ತೂತೇ ಬಿಟ್ಟಿದ್ದು. ನಮ್ಮ ಕಡೆ ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ, ಆಗುಂಬೆಯಲ್ಲಿ 7000 ದಾಟುತ್ತೆ, ಇಲ್ಲಿ ತಡ್ಕೊಂಡಿದ್ದು ಅಲ್ಲೂ ತಡ್ಕೊಳ್ಳುತ್ತೆ ಅಂತ ನಂಬಬೇಡಿ.

ಅವತ್ತಿಂದ ನಾನು ಮಾಡ್ತಿರೋದು ಏನಂದ್ರೆ ಭಾರ ಹೊರೋಕೆ ಒಂದು ಬ್ಯಾಗು, ನೀರು ತಡೆಯೋಕೆ ಇನ್ನೊಂದು. ಹೊರಗಿಂದು ಗಟ್ಟಿ ಬಟ್ಟೆದು, ಕ್ಯಾರಿಯರ್‌ಗೆ ಉಜ್ಜಲಿ, ಕೆಸರು ಮೆತ್ಕೊಳ್ಳಲಿ, ನೆನೀಲಿ ಬಿಡಿ. ಒಳಗೆ ತೆಳ್ಳಗಿನ ಸಿಲಿಕಾನ್ ಕೋಟಿಂಗ್ ಇರೋ ನೈಲಾನ್ ಚೀಲ, ಚದರ ಮೀಟರಿಗೆ 50–55 ಗ್ರಾಂ ಇರೋ ಬಟ್ಟೆ. ಕಿರಾಣಿ ಅಂಗಡಿ ತಕ್ಕಡೀಲಿ ಇಟ್ಟಾಗ ನನ್ನ 16–17 ಲೀಟರ್ ಚೀಲ ಲಾಕು ಬೆಲ್ಟು ಎಲ್ಲಾ ಸೇರಿ 55 ಗ್ರಾಂ ಬಂತು.

ಅಳತೆ ಹೇಳ್ತೀನಿ, ಬರ್ಕೊಳ್ಳಿ. 49 ಸೆಂ.ಮೀ. ಅಗಲ, 130 ಸೆಂ.ಮೀ. ಉದ್ದ ಒಂದೇ ತುಂಡು. ಮಧ್ಯಕ್ಕೆ ಮಡಚಿ ಎರಡು ಪಕ್ಕ ಮಾತ್ರ ಹೊಲಿಯಿರಿ, ತಳ ಮಡಿಕೆಯಾಗೇ ಇರಲಿ. ಚಕ್ರ ಎರಚೋ ನೀರು ಕೆಳಗಿಂದಾನೇ ಹೊಡೆಯೋದು, ಅದಕ್ಕೆ ತಳದಲ್ಲಿ ಉದ್ದದ ಹೊಲಿಗೆ ಇರಬಾರದು. ಆಮೇಲೆ ತಳದ ಎರಡು ಮೂಲೆ ತ್ರಿಕೋನ ಮಾಡಿ ಅಡ್ಡಕ್ಕೆ 15 ಸೆಂ.ಮೀ. ಹೊಲಿಗೆ ಹಾಕಿದ್ರೆ ಡಬ್ಬಿ ಆಕಾರ ಬರುತ್ತೆ, ಹೊಲಿಗೆಯಾಚೆ ಕಿವಿ ತರ ಉಳಿಯೋ ತ್ರಿಕೋನ ಕತ್ತರಿಸ್ಬೇಡಿ, ಹಾಗೇ ಬಿಡಿ. ಪಕ್ಕದ ಹೊಲಿಗೆ ಜೀನ್ಸ್ ಕಾಲಿನದ್ದಿರುತ್ತಲ್ಲ ಆ ತರ ಒಂದು ಅಂಚು ಇನ್ನೊಂದರೊಳಗೆ ಮಡಚಿ ಎರಡು ಸಾಲು. ದಾರ ಪಾಲಿಯೆಸ್ಟರ್‌ದೇ ಇರಲಿ, ಹತ್ತಿ ದಾರ ನೆನೆದು ನೆನೆದು ಕೊಳೆಯುತ್ತೆ. ಗುಂಡುಪಿನ್ ಚುಚ್ಚಬೇಡಿ, ಪ್ರತಿ ಪಿನ್ನೂ ಒಂದು ತೂತು, ಬಟ್ಟೆ ಒಣಗಿಸೋ ಕ್ಲಿಪ್ ಸಾಕು.

ಜಿಪ್ ಬೇಡವೇ ಬೇಡ. ಬಾಯಿಗೆ ಒಂದು ಬೆಲ್ಟ್ ಪಟ್ಟಿ ಹೊಲಿದು ಎರಡು ತುದಿಗೆ ಲಾಕ್, ಸ್ಕೂಲ್ ಬ್ಯಾಗ್ ರಿಪೇರಿ ಮಾಡೋರ ಹತ್ರ ಎರಡೂ ಸಿಗುತ್ತೆ. ಮೂರು ನಾಲ್ಕು ಸುತ್ತು ಸುರುಳಿ ಸುತ್ತಿ ಲಾಕ್ ಹಾಕಿ, ಎರಡೇ ಸುತ್ತು ಸಾಲಲ್ಲ.

ಈಗ ಸೀಲಿಂಗ್, ಇಲ್ಲೇ ಜಾಸ್ತಿ ಜನ ತಪ್ಪು ಮಾಡೋದು. ಸಿಲಿಕಾನ್ ಬಟ್ಟೆಗೆ ಸಿಲಿಕಾನ್ ಮಾತ್ರ ಹಿಡಿಯೋದು, ಇಸ್ತ್ರಿ ಇಟ್ಟು ಅಂಟಿಸೋ ಸೀಮ್ ಟೇಪ್ ಪಿಯು (ಪಾಲಿಯುರೆಥೇನ್) ಕೋಟಿಂಗ್ ಬಟ್ಟೆಗೆ ಮಾತ್ರ. ಯಾವುದು ಅಂತ ಗೊತ್ತಾಗ್ಲಿಲ್ವಾ, ಸೆಲ್ಲೋಟೇಪ್ ಅಂಟಿಸಿ ನೋಡಿ, ಸಿಲಿಕಾನ್ ಆದ್ರೆ ಸಲೀಸಾಗಿ ಬಿಟ್ಕೊಂಡು ಬರುತ್ತೆ. ಹಾರ್ಡ್‌ವೇರ್ ಅಂಗಡಿಯ ಟ್ರಾನ್ಸ್‌ಪರೆಂಟ್ ಸಿಲಿಕಾನ್ ಸೀಲೆಂಟ್ ಒಂದು ಪಾಲು, ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಮೂರು ಪಾಲು, ಗಾಜಿನ ಬಾಟ್ಲಲ್ಲಿ ಗಂಜಿ ಹದ ಬರೋವರೆಗೂ ಕಲಸಿ ಬ್ರಷ್ಷಲ್ಲಿ ಹೊಲಿಗೆ ಮೇಲೆ ಬಳೀಬೇಕು, ಬಯಲಲ್ಲಿ ಮಾಡಿ, ವಾಸನೆ ತಲೆ ಸುತ್ತುತ್ತೆ. ಒಂದು ದಿನ ಒಣಗಿಸಿ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ, ಇಲ್ಲಾಂದ್ರೆ ಮಡಿಕೆ ಮಡಿಕೆಗೆ ಅಂಟ್ಕೊಳ್ಳುತ್ತೆ.

ಟೆಸ್ಟ್ ಮಾಡೋಕೆ ಗಾಳಿ ತುಂಬಿಸಿ ಸುರುಳಿ ಸುತ್ತಿ ಬಕೆಟ್ಟಲ್ಲಿ ಅದುಮಿ, ಗುಳ್ಳೆ ಎಲ್ಲಿ ಬರುತ್ತೋ ಅಲ್ಲಿ ಪೆನ್ನಲ್ಲಿ ಗುರುತು ಹಾಕಿ ಇನ್ನೊಂದು ಕೋಟ್ ಬಳೀರಿ.

ಕೋಲಾರದಿಂದ:
ಅಕ್ಕ ಹೇಳಿದ್ದು ಸರಿ, ನಾನು ಮಾತ್ರ ಬೇರೆ ದಾರೀಲಿ ಹೋಗಿದ್ದೆ. ಮೊದ್ಲು ಹಳೇ ಫ್ಲೆಕ್ಸ್ ಬ್ಯಾನರ್ ತಗೊಂಡೆ, ಮಡಿಕೆ ಇದ್ದ ಕಡೆಯೆಲ್ಲ ಬಿರುಕು ಬಿಡ್ತು. ಕೃಷಿ ಹೊಂಡಕ್ಕೆ ಹಾಸೋ 500 ಮೈಕ್ರಾನ್ ಶೀಟ್ ಮಿಕ್ಕಿತ್ತು, ಅದು ಮಡಚೋಕೇ ಬಗ್ಗಲ್ಲ, ಚದರ ಮೀಟರಿಗೆ ಅರ್ಧ ಕೆ.ಜಿ. ಹತ್ರ ತೂಗುತ್ತೆ. ಕೊನೆಗೆ ಲಾರಿ ಟಾರ್ಪಾಲ್ ಅಂಗಡೀಲಿ ಬಿಸಿ ಗಾಳಿ ಗನ್ನಲ್ಲಿ ಬೆಸುಗೆ ಹಾಕಿಸ್ದೆ, ಹೊಲಿಗೆನೇ ಇಲ್ಲ. ಒಂದು ಬ್ಯಾಗು ಅರ್ಧ ಕೆ.ಜಿ. ದಾಟ್ತು, ಆದ್ರೆ ಮೂರು ಮಳೆಗಾಲ ಕಳೆದಿದೆ. ಆರ್ಟ್‌ಲೀಬ್ ಅನ್ನೋ ವಾಟರ್‌ಪ್ರೂಫ್ ಬ್ಯಾಗ್ ಕಂಪನಿ ಶುರು ಮಾಡಿದ ಜರ್ಮನಿಯ ಹಾರ್ಟ್‌ಮುಟ್ ಆರ್ಟ್‌ಲೀಬ್ ಕೂಡ 1981ರಲ್ಲಿ ಇಂಗ್ಲೆಂಡಿನ ಮಳೇಲಿ ಸೈಕಲ್ ತುಳಿವಾಗ ಲಾರಿ ಟಾರ್ಪಾಲ್ ನೋಡೇ ಅಲ್ವಾ ಯೋಚ್ನೆ ಮಾಡಿದ್ದು, ಮೊದಲ ಬ್ಯಾಗು ಹೊಲಿದಿದ್ದು ಅಮ್ಮನ ಮೆಷಿನ್ನಲ್ಲೇ.

ಒಂದು ವಿಷಯ ಸೇರಿಸ್ತೀನಿ. ಕ್ಯಾರಿಯರ್ ಕೊಕ್ಕೆಗೆ ಬ್ಯಾಗಿನ ಬೆನ್ನಿಗೆ ಸ್ಕ್ರೂ ಹಾಕ್ತೀವಲ್ಲ, ಆ ತೂತಿಂದ ನನಗೆ ನೀರು ಬಂತು. ಹಳೇ ಸೈಕಲ್ ಟ್ಯೂಬ್‌ನ ಗುಂಡಗೆ ಕತ್ತರಿಸಿ ಎರಡೂ ಕಡೆ ವಾಷರ್ ಹಾಕಿ ಬಿಗಿ ಮಾಡ್ದೆ, ನಿಂತೋಯ್ತು.

ಗೌರಿಬಿದನೂರಿಂದ:
ಅಕ್ಕ, ಅಣ್ಣ, ಇಬ್ರಿಗೂ ತುಂಬಾ ಥ್ಯಾಂಕ್ಸ್. ಅಮ್ಮನ ಮೆಷಿನ್ ಕಾಲಲ್ಲಿ ತುಳಿಯೋದು, ತೆಳ್ಳಗಿನ ನೈಲಾನ್ ಜಾರಲ್ವಾ? ಅಕಸ್ಮಾತ್ ಬಟ್ಟೆ ಸಿಗೋದು ತಡ ಆದ್ರೆ ಏನ್ ಮಾಡ್ಲಿ?

ತುಮಕೂರಿಂದ:
ಜಾರುತ್ತೆ, ಮೆಷಿನ್ ಹಲ್ಲಿಗೆ ಅದು ಸಿಗೋದೇ ಇಲ್ಲ. ಬಟ್ಟೆ ಕೆಳಗೆ ನ್ಯೂಸ್ ಪೇಪರ್ ಪಟ್ಟಿ ಇಟ್ಟು ಎರಡೂ ಸೇರಿಸಿ ಹೊಲಿಯಿರಿ, ಆಮೇಲೆ ಪೇಪರ್ ಹರಿದ್ರೆ ಬಂದ್ಬಿಡುತ್ತೆ. ಮೊದ್ಲು ತುಂಡು ಬಟ್ಟೆ ಮೇಲೆ ಒಂದು ಗಂಟೆ ಕೈ ಪಳಗಿಸ್ಕೊಳ್ಳಿ. ನಂದೂ ತುಳಿಯೋ ಮೆಷಿನ್ನೇ, ನಿಧಾನಕ್ಕೆ ಹೋಗೋದ್ರಿಂದ ಈ ಕೆಲಸಕ್ಕೆ ಅದೇ ವಾಸಿ.

ಬಟ್ಟೆ ಸಿಗಲಿಲ್ಲ ಅಂದ್ರೆ ಯೂರಿಯಾ ಚೀಲದೊಳಗೆ ಪ್ಲಾಸ್ಟಿಕ್ ಲೈನರ್ ಇರುತ್ತಲ್ಲ, ಚೆನ್ನಾಗಿ ತೊಳೆದು ಎರಡು ಪದರ ಹಾಕಿ ಬಾಯಿ ತಿರುಚಿ ರಬ್ಬರ್ ಬ್ಯಾಂಡ್ ಕಟ್ಟಿ. ನಮ್ಮ ಕಡೆ ರೈತರು ಗೊಬ್ಬರದ ಚೀಲಾನೇ ಕೊಪ್ಪೆ ಮಾಡಿ ಮಳೇಲಿ ಹೊದ್ಕೊಳ್ಳಲ್ವಾ. ಐದು ದಿನಕ್ಕೆ ಆರಾಮಾಗಿ ತಡೆಯುತ್ತೆ.

ಮಧುಗಿರಿ ನಿಮಗೂ ನಮಗೂ ನಡುವೆನೇ ಇದೆ. ಒಂದು ಭಾನುವಾರ ಬೆಳಿಗ್ಗೆ ಸೈಕಲ್ಲಲ್ಲೇ ಬೆಟ್ಟದ ಬುಡಕ್ಕೆ ಬನ್ನಿ, ಸೋರಿದ್ದು, ಸೋರದೆ ಇದ್ದಿದ್ದು ಎರಡೂ ತರ್ತೀನಿ, ಹೊಲಿಗೆ ಕೈಯಲ್ಲಿ ಮುಟ್ಟಿ ನೋಡಿದ ಮೇಲೆ ಬಟ್ಟೆ ಕತ್ತರಿಸಿ.