ಸಹಾಯ ಬೇಕು: ಆಸ್ಟ್ರೇಲಿಯಾಕ್ಕೆ ಗಡೀಪಾರಾದ ಐರಿಷ್ ಹುಡುಗನ ದಾಖಲೆ

ನಮಸ್ಕಾರ. ಐರ್ಲೆಂಡಿನಿಂದ ಸಿಡ್ನಿಗೆ ಗಡೀಪಾರಾದ ಹುಡುಗರ ಬಗ್ಗೆ ಬರೆಯುತ್ತಿದ್ದೇನೆ. 1830ರ ದಶಕದ ಶುರುವಿನ ಒಬ್ಬ ಹುಡುಗನ ವಿಷಯದಲ್ಲಿ ಮುಂದೆ ಹೋಗಲಾಗದೆ ಸಿಕ್ಕಿಕೊಂಡಿದ್ದೇನೆ. ಸಿಡ್ನಿಯ ಕೈದಿಗಳ ಪಟ್ಟಿಯಲ್ಲಿ ಅವನ ವಯಸ್ಸು, ಕೌಂಟಿ (ಐರ್ಲೆಂಡಿನ ಜಿಲ್ಲೆ), ಅಪರಾಧ, 7 ವರ್ಷದ ಶಿಕ್ಷೆ, ಹುಬ್ಬಿನ ಮೇಲಿನ ಗಾಯದ ಗುರುತು ಕೂಡ ಇದೆ. ಅಪ್ಪ ಅಮ್ಮ ಯಾರು ಅಂತ ಮಾತ್ರ ಇಲ್ಲ. ಅಷ್ಟು ಚಿಕ್ಕ ಹುಡುಗ, ಪಾಪ, ಅವನಿಗೂ ಒಂದು ಮನೆ ಇತ್ತಲ್ವಾ?

ಡಬ್ಲಿನ್ ಕಡೆ ಹುಡುಕೋಣ ಅಂದರೆ, 1836ಕ್ಕಿಂತ ಹಿಂದಿನ ಗಡೀಪಾರು ರಿಜಿಸ್ಟರ್‌ಗಳು 1922ರಲ್ಲಿ ಸರ್ಕಾರಿ ದಾಖಲೆಗಳಿದ್ದ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಕಟ್ಟಡದ ಬೆಂಕಿಯಲ್ಲಿ ಸುಟ್ಟುಹೋಗಿವೆ. ಶಿಕ್ಷೆ ಕಡಿಮೆ ಮಾಡಿ ಎಂದು ಕೈದಿಗಳು, ಮನೆಯವರು ಕೊಟ್ಟ ಅರ್ಜಿಗಳು ಉಳಿದಿವೆ. ಅವುಗಳ ಸೂಚಿ ನೋಡಿದೆ. ಅದೇ ಹೆಸರಿನವರು ಜಾಸ್ತಿ ಇದ್ದಾರೆ, ಇವನು ಯಾರು ಅಂತ ಗೊತ್ತಾಗುತ್ತಿಲ್ಲ.

ಇಂಥ ಹುಡುಕಾಟ ಮಾಡಿದವರು ಹೇಳಿ: ಆ ಕಾಲದ ಐರಿಷ್ ಜೈಲು ರಿಜಿಸ್ಟರ್‌ಗಳಲ್ಲಿ ಹುಡುಗರ ಅಪ್ಪ ಅಮ್ಮನ ಹೆಸರು ಸಿಗುತ್ತಾ? ಇಲ್ಲದಿದ್ದರೆ ಯಾವ ದಾಖಲೆ ನೋಡಬೇಕು?