ನಸುಕಿನ್ಯಾಗ ಮಗನ ಕಾಲು ಎದ್ದೇಳಲಾರದಂಗ ಆಗ್ತಾವ, ಸಂಜಿಗೆ ಸರಿ ಹೋಗ್ತಾವ. ಇದೇನು?

ಸಿಂಧನೂರಿನ ತಾಯಿ:
ಮಗಗ 26 ವರ್ಷ. ಅಕ್ಕಿ ಮಿಲ್ಲಿನ್ಯಾಗ ಲೆಕ್ಕ ಬರೀತಾನ, ಸುಗ್ಗಿಯಾಗ ಆಳು ಕಮ್ಮಿ ಬಿದ್ರ 75 ಕೆಜಿ ನೆಲ್ಲಿನ ಚೀಲಾನೂ ಹೊರತಾನ. ಬಿಪಿ, ಶುಗರ್ ಇಲ್ಲ, ಕುಡಿಯೋ ಚಟ ಇಲ್ಲ. ಚೀಲ ಹೊತ್ತ ದಿನ ರಾತ್ರಿ ಮದುವಿ ಮನ್ಯಾಗ ಹೋಳಿಗಿ, ಅನ್ನ ಹೊಟ್ಟಿ ತುಂಬ ಉಂಡು ಮಲಗಿದ. ನಸುಕಿನ್ಯಾಗ ಏಳಾಕ ಹೋದ್ರ ಎರಡೂ ತೊಡಿ ಎತ್ತಾಕ ಬರವಲ್ವು. ಮಾತು ಸರಿ ಇತ್ತು, ಬಾಯಿ ಸೊಟ್ಟ ಆಗಿಲ್ಲ, ಚಿವುಟಿದ್ರ ಗೊತ್ತಾಗತಿತ್ತು, ಜ್ವರ ಇಲ್ಲ. ಊರಾಗಿನ ಡಾಕ್ಟ್ರು ನಿಶ್ಶಕ್ತಿ ಅಂತ ಗ್ಲೂಕೋಸ್ ಬಾಟ್ಲಿ ಹಚ್ಚಿದ್ರು. ಬಾಟ್ಲಿ ಮುಗಿಯೋದ್ರಾಗ ಕೈನೂ ಮ್ಯಾಲೆ ಏಳಲಿಲ್ಲ. ದೊಡ್ಡ ದವಾಖಾನಿಗೆ ಒಯ್ದಾಗ ರಕ್ತದಾಗ ಪೊಟ್ಯಾಸಿಯಂ 2.1 ಬಂತು. ಔಷಧಿ ಕೊಟ್ರು, ಸಂಜಿಗೆ ನಡದ. ಮರುದಿನ 4.2 ಇತ್ತು, ಎಳನೀರು ಕುಡಸ್ರಿ ಅಂತ ಮನಿಗೆ ಕಳಿಸಿದ್ರು. ಯಾಕ ಹಿಂಗಾತು ಅಂತ ಯಾರೂ ಹೇಳಲಿಲ್ಲ.

ಈಗ ಮತ್ತ ಅದೇ ಆಗೈತಿ, ಆದ್ರ ಸ್ವಲ್ಪ ಹಗುರ. ಕುಂತಲ್ಲಿಂದ ಏಳಾಕ ಆಗಲಿಲ್ಲ, ಮಧ್ಯಾಹ್ನಕ್ಕ ತಾನ ಸರಿ ಆತು. ಓಣ್ಯಾಗ ಮಂದಿ ಲಕ್ವಾ ಅಂತಾರ, ಪಾರಿವಾಳದ ರಕ್ತ ಹಚ್ಚಸ್ರಿ ಅಂತಾರ. ಹಾರ್ಟಿಗೆ ಏನರ ಆದೀತು ಅಂತ ರಾತ್ರಿ ನಿದ್ದಿ ಇಲ್ಲ. ಹೆಣ್ಣು ನೋಡಾಕತ್ತೀವಿ, ಇದು ಮಕ್ಕಳಿಗೂ ಬರೋ ಕಾಯಿಲೇನಾ? ಯಾವ ಟೆಸ್ಟ್ ಮಾಡಸಬೇಕು?

ಫಿಸಿಷಿಯನ್, ಬಳ್ಳಾರಿ:
ಅಮ್ಮಾ, ನೀವು ಬರೆದಿರೋದನ್ನ ನೋಡಿದ್ರೆ ಇದು ಲಕ್ವಾ ಅಲ್ಲ. ಲಕ್ವಾ ಸಾಮಾನ್ಯವಾಗಿ ಒಂದೇ ಮಗ್ಗುಲು ಹೊಡೆಯುತ್ತೆ, ಬಾಯಿ ಸೊಟ್ಟ ಆಗುತ್ತೆ, ಮಾತು ತೊದಲುತ್ತೆ. ಎರಡೂ ತೊಡೆ ಒಟ್ಟಿಗೆ ಸೋತು, ಸ್ಪರ್ಶ ಚೆನ್ನಾಗಿದ್ದು, ಕೆಲವು ಗಂಟೆಗಳಲ್ಲಿ ಪೂರ್ತಿ ವಾಪಸ್ ಬರೋದು ಪೊಟ್ಯಾಸಿಯಂ ಇಳಿದು ಸ್ನಾಯು ಆಗಾಗ ಸೋಲೋ ಕಾಯಿಲೆ, ಅಂದ್ರೆ ಹೈಪೊಕೆಲೆಮಿಕ್ ಪೀರಿಯಾಡಿಕ್ ಪ್ಯಾರಾಲಿಸಿಸ್. ಪಾರಿವಾಳ ಬಿಟ್ಟುಬಿಡಿ.

ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5 ಇರಬೇಕು. ನಿಮ್ಮ ಮಗನಿಗೆ ಅದು ಮೈಯಿಂದ ಹೊರಗೆ ಹೋಗಿಲ್ಲದೇ ಇರಬಹುದು. ರಕ್ತದಿಂದ ಸ್ನಾಯುವಿನ ಒಳಗೆ ನುಗ್ಗಿ ಕೂತಿರುತ್ತೆ. ಅದನ್ನ ಒಳಗೆ ತಳ್ಳೋದು ಇನ್ಸುಲಿನ್. ಹೊಟ್ಟೆ ತುಂಬ ಅನ್ನ, ಸಿಹಿ ತಿಂದ್ರೆ ಇನ್ಸುಲಿನ್ ಏರುತ್ತೆ. ದಿನವಿಡೀ ಭಾರ ಹೊತ್ತು ಆಮೇಲೆ ಸುಮ್ಮನೆ ಮಲಗಿದಾಗಲೂ ಪೊಟ್ಯಾಸಿಯಂ ಸ್ನಾಯುವಿಗೆ ಮರಳುತ್ತೆ. ಅವತ್ತು ಎರಡೂ ಕೂಡಿವೆ. ಅದರ ಮೇಲೆ ಗ್ಲೂಕೋಸ್ ಬಾಟ್ಲಿ! ಅದರಲ್ಲಿನ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಹೋದ ಕೂಡಲೇ ಇನ್ನಷ್ಟು ಇನ್ಸುಲಿನ್ ಬಂತು, ಇದ್ದ ಪೊಟ್ಯಾಸಿಯಮ್ಮೂ ಒಳಗೆ ಹೋಯ್ತು, ಕೈಯೂ ಸೋತಿತು. ನಮ್ಮ ಕಡೆ ಸುಸ್ತು ಅಂದ್ರೆ ಬಾಟ್ಲಿ ಅನ್ನೋ ರೂಢಿ ಈ ಕಾಯಿಲೆಯಲ್ಲಿ ನೇರವಾಗಿ ಅಪಾಯ. ಇಂಥವರಿಗೆ ಡ್ರಿಪ್ ಬೇಕೇ ಬೇಕು ಅಂದ್ರೆ ನಾರ್ಮಲ್ ಸಲೈನ್ ಮಾತ್ರ. ಸುಸ್ತಿಗೆ ಅಂತ ಚುಚ್ಚೋ ಡೆಕ್ಸಾ ಥರದ ಸ್ಟೀರಾಯ್ಡ್, ದಮ್ಮಿಗೆ ಕೊಡೋ ಸಾಲ್ಬುಟಮಾಲ್ ಕೂಡ ಪೊಟ್ಯಾಸಿಯಂ ಇಳಿಸುತ್ತವೆ.

ಈಗ ಕಾರಣ ಹುಡುಕಬೇಕು. 20ರಿಂದ 40ರ ಗಂಡಸಿಗೆ ಮೊದಲ ಸಲ ಹೀಗಾದ್ರೆ ನಾನು ಮೊದಲು ಕೇಳೋದು ಥೈರಾಯ್ಡ್. ಥೈರಾಯ್ಡ್ ಜಾಸ್ತಿ ಆಗೋದು ಹೆಂಗಸರಲ್ಲೇ ಹೆಚ್ಚು, ಆದ್ರೆ ಅದರಿಂದ ಕಾಲು ಸೋಲೋದು ಬಹುತೇಕ ಗಂಡಸರಿಗೆ. ಮನೆಯಲ್ಲೇ ನೋಡಿ: ಕೈ ಮುಂದೆ ಚಾಚಿಸಿ ಬೆರಳ ಮೇಲೆ ಒಂದು ಹಾಳೆ ಇಡಿ, ಹಾಳೆ ನಡುಗುತ್ತಾ? ನಿದ್ದೆಯಲ್ಲಿ ನಾಡಿ ನಿಮಿಷಕ್ಕೆ 90ರ ಮೇಲಿದೆಯಾ? ಚೆನ್ನಾಗಿ ಉಂಡರೂ ತೂಕ ಇಳಿದಿದೆಯಾ? ಸೆಕೆ ತಡೆಯೋಕಾಗಲ್ಲ ಅನ್ನೋದನ್ನ ಮಾತ್ರ ಲೆಕ್ಕಕ್ಕೆ ತಗೋಬೇಡಿ, ಏಪ್ರಿಲ್‌ನಲ್ಲಿ ರಾಯಚೂರು ಜಿಲ್ಲೆಯಲ್ಲಿ ಎಲ್ಲರೂ ಅದನ್ನೇ ಹೇಳ್ತಾರೆ. ಈ ಲಕ್ಷಣ ಒಂದೂ ಇಲ್ಲದಿದ್ದರೂ ಟೆಸ್ಟ್ ಮಾಡಿಸಲೇಬೇಕು, ಹಲವರಲ್ಲಿ ಕಣ್ಣಿಗೆ ಕಾಣೋಷ್ಟು ಇರಲ್ಲ.

ಮಾಡಿಸಬೇಕಾದ್ದು: ಟಿಎಸ್ಎಚ್, ಫ್ರೀ ಟಿ4, ಫ್ರೀ ಟಿ3 (ಮೂರೂ ಥೈರಾಯ್ಡ್ ಟೆಸ್ಟ್), ಸೋಡಿಯಂ-ಪೊಟ್ಯಾಸಿಯಂ-ಕ್ಲೋರೈಡ್, ಬೈಕಾರ್ಬೊನೇಟ್, ಮೆಗ್ನೀಸಿಯಂ, ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್), ಸಿಪಿಕೆ (ಸ್ನಾಯುವಿನ ಟೆಸ್ಟ್). ಕಾಲು ಸೋತಿರುವಾಗಲೇ ಇಸಿಜಿ, ಮೂತ್ರದ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್. ಬೈಕಾರ್ಬೊನೇಟ್ ಕಡಿಮೆ ಇದ್ದು ಕ್ಲೋರೈಡ್ ಜಾಸ್ತಿ ಇದ್ರೆ ಕಿಡ್ನಿಯ ಟ್ಯೂಬ್ಯುಲರ್ ಆಸಿಡೋಸಿಸ್ (ಕಿಡ್ನಿ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಆಮ್ಲ ಹೆಚ್ಚೋದು), ಆಗ ಚಿಕಿತ್ಸೆಯ ದಾರಿಯೇ ಬೇರೆ. ಬೈಕಾರ್ಬೊನೇಟ್ ಜಾಸ್ತಿ ಇದ್ದು ಬಿಪಿಯೂ ಜಾಸ್ತಿ ಇದ್ರೆ ಅಡ್ರಿನಲ್ ಗ್ರಂಥಿ ನೋಡಬೇಕು.

ವಂಶದಲ್ಲಿ ಬರೋ ಬಗೆಯೂ ಒಂದಿದೆ. ಅದು ಸಾಮಾನ್ಯವಾಗಿ 20 ತುಂಬೋ ಮೊದಲೇ ಶುರುವಾಗುತ್ತೆ, ಮನೆಯಲ್ಲಿ ಇನ್ನೊಬ್ಬರಿಗೆ ಇರುತ್ತೆ. ಥೈರಾಯ್ಡ್‌ನಿಂದ ಬಂದದ್ದಾದ್ರೆ ಥೈರಾಯ್ಡ್ ಹಿಡಿತಕ್ಕೆ ಬಂದ ಮೇಲೆ ಕಾಲು ಸೋಲೋದು ನಿಲ್ಲುತ್ತೆ. ಮದುವೆ ಮಾತುಕತೆ ನಿಲ್ಲಿಸೋ ಕಾರಣ ನನಗೆ ಕಾಣಲ್ಲ.

ಲ್ಯಾಬ್ ಟೆಕ್ನಿಷಿಯನ್, ರಾಯಚೂರು:
ಅಕ್ಕಾರೆ, ಡಾಕ್ಟರ್ ಹೇಳಿದ ಮೂತ್ರದ ಟೆಸ್ಟ್ ಪೊಟ್ಯಾಸಿಯಂ ಔಷಧಿ ಶುರು ಮಾಡೋ ಮೊದಲೇ ಹಿಡಿದಿರಬೇಕು, ಆಮೇಲೆ ಹಿಡಿದರೆ ಅರ್ಥ ಇಲ್ಲ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಪೊಟ್ಯಾಸಿಯಂ 13 ಎಂಇಕ್ಯೂಗಿಂತ (ಪೊಟ್ಯಾಸಿಯಂ ಅಳೆಯೋ ಮಾನ) ಕಡಿಮೆ ಇದ್ರೆ ಕಿಡ್ನಿಯಿಂದ ಪೊಟ್ಯಾಸಿಯಂ ಸೋರ್ತಿಲ್ಲ ಅಂತ ಲೆಕ್ಕ.

ಪೊಟ್ಯಾಸಿಯಂ ರಿಪೋರ್ಟ್ ತಪ್ಪೋದು ಬಲು ಸುಲಭ. ಮುಷ್ಟಿ ಬಿಗಿ ಹಿಡಿಸಿ ಬಿಡಿಸಿ ರಕ್ತ ತೆಗೆದರೆ ಅಥವಾ ರಕ್ತಕಣ ಒಡೆದರೆ ಇಲ್ಲದ ಪೊಟ್ಯಾಸಿಯಂ ಕಾಣುತ್ತೆ, 2.8 ಇರೋದು 3.6 ಅಂತ ಬಂದು ಕಾಯಿಲೆ ಮುಚ್ಚಿಹೋಗುತ್ತೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಪೊಟ್ಯಾಸಿಯಂ ಇಡಿಟಿಎ ಇರುತ್ತೆ, ಅದರಿಂದ ಒಂದು ಹನಿ ಪೊಟ್ಯಾಸಿಯಂ ಟೆಸ್ಟಿನ ಟ್ಯೂಬಿಗೆ ಬಿದ್ದರೂ ಲೆಕ್ಕ ಕೆಟ್ಟಿತು. ಡ್ರಿಪ್ ಹಚ್ಚಿದ ಕೈ ಬಿಟ್ಟು ಇನ್ನೊಂದು ಕೈಯಿಂದ ತೆಗೆಸಿ.

ತಾಲೂಕಿನಲ್ಲಿ ತೆಗೆದ ರಕ್ತ ಬಸ್ಸಿನಲ್ಲಿ ಬೇರೆ ಊರಿಗೆ ಹೋಗೋ ಕಡೆ ಇನ್ನೊಂದು ತೊಂದರೆ. ಸೆಂಟ್ರಿಫ್ಯೂಜ್ (ಮಷಿನ್‌ನಲ್ಲಿ ತಿರುಗಿಸಿ ರಕ್ತಕಣ ಬೇರ್ಪಡಿಸೋದು) ಮಾಡದೆ ಸೆಕೆಯಲ್ಲಿ ಗಂಟೆಗಟ್ಟಲೆ ಇಟ್ಟರೆ ಟ್ಯೂಬಿನೊಳಗೇ ಪೊಟ್ಯಾಸಿಯಂ ಕಣಕ್ಕೆ ಇಳಿದು ಸುಳ್ಳೇ ಕಡಿಮೆ ತೋರಿಸಬಹುದು. ಹಂಗಂತ ಸೆಂಟ್ರಿಫ್ಯೂಜ್ ಮಾಡದ ಟ್ಯೂಬನ್ನ ಫ್ರಿಜ್‌ನಲ್ಲಿಟ್ಟರೆ ಸುಳ್ಳೇ ಜಾಸ್ತಿ. ಅಲ್ಲೇ ಮಷಿನ್ ಇರೋ ಲ್ಯಾಬ್ ನೋಡಿ. ಥೈರಾಯ್ಡ್‌ಗೆ ಹಾಗಿಲ್ಲ, ಆ ರಕ್ತ ಬೇರ್ಪಡಿಸಿ ಕಳಿಸಿದರೂ ನಡೆಯುತ್ತೆ. ಮಗ ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೋತಿದ್ದರೆ ಮೂರು ದಿನ ಮೊದಲೇ ನಿಲ್ಲಿಸಿ. ಕೆಲವು ಮಷಿನ್‌ಗಳಲ್ಲಿ ಅದು ಥೈರಾಯ್ಡ್ ಜಾಸ್ತಿ ಇದ್ದ ಹಾಗೆ ರಿಪೋರ್ಟ್ ಕೊಡುತ್ತೆ.

ಮೆಡಿಕಲ್ ಶಾಪ್, ಗಂಗಾವತಿ:
ಪೊಟ್ಯಾಸಿಯಂ ಕ್ಲೋರೈಡ್ ಸಿರಪ್ ಚೀಟಿ ಇಲ್ಲದೆ ಕೇಳ್ಕೊಂಡು ಬರೋರು ಇದ್ದಾರೆ, ಅದಕ್ಕೇ ಬರೀತಿದ್ದೀನಿ. ಸಿರಪ್ 15 ಎಂಎಲ್‌ಗೆ 20 ಎಂಇಕ್ಯೂ. ಒಂದು ಲೋಟ ನೀರಿಗೆ ಬೆರೆಸಿ ನಿಧಾನಕ್ಕೆ ಕುಡಿಬೇಕು, ಹಂಗೇ ಕುಡಿದ್ರೆ ಹೊಟ್ಟೆ ಉರಿದು ವಾಂತಿ ಆಗುತ್ತೆ. ಜ್ಯೂಸಿಗೆ, ಸಕ್ಕರೆ ನೀರಿಗೆ ಬೆರೆಸಬೇಡಿ. ‘ಇನ್ನೂ ಕಾಲು ಬಂದಿಲ್ಲ’ ಅಂತ ತಾಯಂದಿರು ಗಂಟೆಗೊಂದು ಸಲ ಕುಡಿಸ್ತಾರೆ. ಡಾಕ್ಟರ್ ಹೇಳಿದ ಹಂಗೆ ಅದು ಮೈಯೊಳಗೇ ಇದೆ. ಸ್ನಾಯುವಿನಿಂದ ವಾಪಸ್ ಹೊರಗೆ ಬಂದಾಗ ನೀವು ಕುಡಿಸಿದ್ದೂ ಸೇರಿ 6, 7ಕ್ಕೆ ಏರಿದ್ರೆ ಹಾರ್ಟ್ ನಿಂತೇ ಹೋಗಬಹುದು. ಎಷ್ಟು, ಎಷ್ಟು ಹೊತ್ತಿಗೆ ಅನ್ನೋದನ್ನ ಡಾಕ್ಟರೇ ಬರೆದು ಕೊಡಲಿ.

ಬಾಳೆಹಣ್ಣು, ಎಳನೀರು ಔಷಧಿ ಅಲ್ಲ. ಒಂದು ಬಾಳೆಹಣ್ಣಿನಲ್ಲಿ ಸುಮಾರು 10 ಎಂಇಕ್ಯೂ, ಜೊತೆಗೆ ಸಕ್ಕರೆ. ಓಆರ್‌ಎಸ್ ಒಂದು ಲೀಟರಿಗೆ 20 ಎಂಇಕ್ಯೂ, ಅದರಲ್ಲೂ ಗ್ಲೂಕೋಸ್. ಊಟ ಬಿಡಿಸೋದು ಬೇಡ. ರಾತ್ರಿ ರೊಟ್ಟಿ, ಪಲ್ಯ, ಬೇಳೆ ಇರಲಿ, ಅನ್ನ ಸ್ವಲ್ಪ. ಮಲಗೋ ಹೊತ್ತಿಗೆ ಹೋಳಿಗೆ, ಜಿಲೇಬಿ, ಕೂಲ್‌ಡ್ರಿಂಕ್ಸ್ ಬೇಡ. ಮಂಡಾಳ ಒಗ್ಗರಣಿ-ಮಿರ್ಚಿ ತಟ್ಟೆಗಟ್ಟಲೆ ತಿನ್ನೋದೂ ಬೇಡ.

ಸ್ಟಾಫ್ ನರ್ಸ್, ಕೊಪ್ಪಳ:
ಮುಂದಿನ ಸಲ ಏನು ಮಾಡಬೇಕು ಅನ್ನೋದೂ ಗೊತ್ತಿರಲಿ. ಕಾಲು ಸೋತಿದೆ ಅಂದ ಕೂಡಲೇ ಉಸಿರು ನೋಡಿ. ಒಂದೇ ಉಸಿರಿನಲ್ಲಿ ಜೋರಾಗಿ ಒಂದರಿಂದ 20ರವರೆಗೆ ಎಣಿಸಲಿ. 15ರ ಒಳಗೇ ನಿಂತರೆ, ಉಗುಳು ನುಂಗೋಕೆ ಆಗದಿದ್ದರೆ, ಎದೆ ಡವಡವ ಅಂದ್ರೆ 108ಕ್ಕೆ ಫೋನ್ ಮಾಡಿ. ಎಣಿಕೆ ಸರಿ ಬಂದರೂ ಅವತ್ತೇ ದವಾಖಾನೆಗೆ ಹೋಗಿ ರಕ್ತ, ಇಸಿಜಿ ಮಾಡಿಸಿ.

ಪ್ರತಿ ಸಲವೂ ಪೊಟ್ಯಾಸಿಯಂ ಅಂತಲೇ ಅಂದುಕೊಳ್ಳಬೇಡಿ. ನೆಲದ ಮೇಲೆ ಮಲಗಿ ಎದ್ದವನಿಗೆ ಹೊಟ್ಟೆ ನೋವು ಬಂದು ಕಣ್ಣ ರೆಪ್ಪೆ ಜೋತು ಬಿದ್ದರೆ ಕಟ್ಟುಹಾವು ಕಚ್ಚಿರಬಹುದು. ಅದರ ಕಡಿತಕ್ಕೆ ಹೆಚ್ಚಾಗಿ ಗಾಯವೂ ಕಾಣಲ್ಲ, ನೋವೂ ಇರಲ್ಲ. ಗದ್ದೆ ಸೀಮೆಯವರು ಇದನ್ನ ಮರೆಯಬಾರದು. ಪಾದದಿಂದ ಶುರುವಾಗಿ ದಿನೇ ದಿನೇ ಮೇಲಕ್ಕೆ ಏರಿದರೆ, ಅದೂ ಭೇದಿ ಅಥವಾ ನೆಗಡಿ ಆದ ಕೆಲವು ವಾರದ ಮೇಲೆ, ಅದು ಗಿಯಾನ್-ಬಾರೆ ಅನ್ನೋ ನರಗಳ ಕಾಯಿಲೆ ಇರಬಹುದು. ಸೊಂಟದಿಂದ ಕೆಳಗೆ ಸ್ಪರ್ಶವೇ ಇಲ್ಲ, ಮೂತ್ರ ಕಟ್ಟಿದೆ ಅಂದ್ರೆ ಬೆನ್ನುಹುರಿ. ಈ ಮೂರಕ್ಕೂ ತಾಲೂಕಿನಲ್ಲಿ ಹೊತ್ತು ಕಳೀಬೇಡಿ. ಹಾವಿನ ಔಷಧಿ ಮಾತ್ರ ತಾಲೂಕು ಆಸ್ಪತ್ರೆಯಲ್ಲೇ ಶುರು ಮಾಡಿಸಿ ಹೊರಡಿ.

ನಿಮಗೆ ರಾಯಚೂರಿನ ರಿಮ್ಸ್ ಆದೀತು, ಬಳ್ಳಾರಿಯ ವಿಮ್ಸ್ ಆದೀತು (ಈಗ ಬಿಎಂಸಿಆರ್‌ಸಿ, ಆಟೋದವರಿಗೆ ವಿಮ್ಸ್ ಅಂದರೇ ತಿಳಿಯೋದು). ಬಿಪಿಎಲ್ ಕಾರ್ಡ್, ಆಧಾರ್ ಒಯ್ಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಖಾಸಗಿಗೆ ಹೋಗೋದಾದ್ರೆ ಎಮರ್ಜೆನ್ಸಿ ಬಿಟ್ಟು ಉಳಿದದ್ದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಹಳೆಯ ಇಸಿಜಿ ಕಾಗದ ಬೆಳಕಿಗೆ ಮಾಸುತ್ತೆ, ಜೆರಾಕ್ಸ್ ತೆಗೆಸಿ ಇಡಿ.

ಸಿಂಧನೂರಿನ ತಾಯಿ:
ಎಲ್ಲಾರಿಗೂ ನಮಸ್ಕಾರ. ರಿಪೋರ್ಟ್ ಬಂದಾವ. ಟಿಎಸ್ಎಚ್ 0.01ಕ್ಕಿಂತ ಕಮ್ಮಿ, ಫ್ರೀ ಟಿ4 3.8 (ಇರಬೇಕಾದ್ದು 0.8–1.8 ಅಂತ ಬರದಾರ). ಬೈಕಾರ್ಬೊನೇಟ್ 24, ಕಿಡ್ನಿ ಸರಿ ಐತಿ. ಹಾಳಿ ಇಟ್ಟು ನೋಡಿದ್ವಿ, ಗಡಗಡ ನಡಗತೈತಿ. ಕಾರ್ಬಿಮಜೋಲ್ 10 ಎಂಜಿ ದಿನಕ್ಕ ಎರಡು ಸಲ, ಪ್ರೊಪ್ರಾನೊಲಾಲ್ 40 ಎಂಜಿ ಎರಡು ಸಲ ಬರದಾರ. ಪೊಟ್ಯಾಸಿಯಂ ಸಿರಪ್ ದಿನಾ ಬ್ಯಾಡ ಅಂದ್ರು, ಅದು ಸರೀನಾ? ಮಿಲ್ಲಿಗೆ ಯಾವಾಗ ಕಳಸಲಿ?

ಫಿಸಿಷಿಯನ್, ಬಳ್ಳಾರಿ:
ಟಿಎಸ್ಎಚ್ ಇಳಿದು ಫ್ರೀ ಟಿ4 ಏರಿದೆ, ಅಂದ್ರೆ ಥೈರಾಯ್ಡ್ ಜಾಸ್ತಿ. ಸಿರಪ್ ಬಗ್ಗೆ ಸರಿಯಾಗೇ ಹೇಳಿದ್ದಾರೆ. ಕಾಲು ಚೆನ್ನಾಗಿರುವಾಗ ದಿನಾ ಪೊಟ್ಯಾಸಿಯಂ ಕುಡಿಸಿದ್ರೆ ಥೈರಾಯ್ಡ್ ಕಾಯಿಲೆಯಲ್ಲಿ ಕಾಲು ಸೋಲೋದು ತಪ್ಪಲ್ಲ. ತಪ್ಪಿಸೋದು ಪ್ರೊಪ್ರಾನೊಲಾಲ್, ಅದು ಪೊಟ್ಯಾಸಿಯಂ ಸ್ನಾಯುವಿಗೆ ನುಗ್ಗೋದನ್ನ ತಡೆಯುತ್ತೆ. ದಮ್ಮು ಇರೋರಿಗೆ ಅದು ಆಗಲ್ಲ, ಮಗನಿಗೆ ಇದ್ದರೆ ಡಾಕ್ಟರಿಗೆ ಹೇಳಿ. ಥೈರಾಯ್ಡ್ ಇಳಿಸೋ ಕಾರ್ಬಿಮಜೋಲ್ ಕೆಲಸ ಮಾಡೋಕೆ ವಾರಗಳು ಬೇಕು, ಆ ನಡುವೆ ಕಾಲು ಮತ್ತೆ ಸೋಲಬಹುದು. ಇಂಟರ್ನೆಟ್‌ನಲ್ಲಿ ಇದಕ್ಕೆ ಅಸಿಟಜೋಲಮೈಡ್ ಅಂತ ಕಂಡೀತು. ಅದು ವಂಶದ ಬಗೆಯವರಿಗೆ, ಇವನಿಗೆ ಬೇಡ.

ಕಾರ್ಬಿಮಜೋಲ್‌ನಲ್ಲಿ ಒಂದು ಎಚ್ಚರ: ಜ್ವರ, ಗಂಟಲು ನೋವು, ಬಾಯಿ ಹುಣ್ಣು ಬಂದ್ರೆ ಮಾತ್ರೆ ನಿಲ್ಲಿಸಿ ಅವತ್ತೇ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ. ಬಿಳಿ ರಕ್ತಕಣ ಕುಸಿಯೋದು ಅಪರೂಪ, ಆದ್ರೆ ಮೊದಲ ಮೂರು ತಿಂಗಳಲ್ಲೇ ಹೆಚ್ಚು. ಕಣ್ಣು ಹಳದಿಯಾದ್ರೂ ಹಾಗೇ ನಿಲ್ಲಿಸಿ ತೋರಿಸಿ. ಥೈರಾಯ್ಡ್ ಯಾಕೆ ಜಾಸ್ತಿ ಆಯ್ತು ಅಂತ ತಿಳಿಯೋಕೆ ಟಿಆರ್‌ಎಬಿ (ರಕ್ತದ ಟೆಸ್ಟ್) ಅಥವಾ ಥೈರಾಯ್ಡ್ ಸ್ಕ್ಯಾನ್ ಕೇಳಿ. ಗ್ರೇವ್ಸ್ (ಮೈಯ ರೋಗನಿರೋಧಕ ಶಕ್ತಿಯೇ ಥೈರಾಯ್ಡನ್ನ ಕೆರಳಿಸೋ ಕಾಯಿಲೆ) ಅಂತಾದ್ರೆ ಮಾತ್ರೆ ಸಾಮಾನ್ಯವಾಗಿ 12ರಿಂದ 18 ತಿಂಗಳು. ಆಮೇಲೂ ಮರುಕಳಿಸಿದ್ರೆ ರೇಡಿಯೋ ಅಯೋಡಿನ್ ಅಥವಾ ಆಪರೇಷನ್.

ಲೆಕ್ಕ ಬರೆಯೋ ಕೆಲಸಕ್ಕೆ ಈಗಲೇ ಹೋಗಬಹುದು. ಚೀಲ ಹೊರೋದು ಫ್ರೀ ಟಿ4 ಸರಿ ಬರೋವರೆಗೂ ಬೇಡ. ಬೈಕಿನಲ್ಲಿ ದೂರದ ಊರಿಗೆ ನಸುಕಿನಲ್ಲಿ ಒಬ್ಬನೇ ಹೊರಡೋದೂ ಬೇಡ. ಅವನ ಜೇಬಿನಲ್ಲಿ ಒಂದು ಚೀಟಿ ಇರಲಿ: ‘ಥೈರಾಯ್ಡ್‌ನಿಂದ ಪೊಟ್ಯಾಸಿಯಂ ಇಳಿಯುವ ಕಾಯಿಲೆ. ಡೆಕ್ಸ್‌ಟ್ರೋಸ್ ಬೇಡ. ಪೊಟ್ಯಾಸಿಯಂ ಕೊಟ್ಟರೆ ಗಂಟೆಗೆ 10 ಎಂಇಕ್ಯೂ ದಾಟಿಸಬೇಡಿ, ಮಾನಿಟರ್ ಇರಲಿ.’ ಪೊಟ್ಯಾಸಿಯಂ ಆಂಪ್ಯೂಲನ್ನ ಸಲೈನಿನಲ್ಲಿ ಬೆರೆಸಿಯೇ ಕೊಡಬೇಕು, ನೇರ ನರಕ್ಕೆ ಚುಚ್ಚಿದರೆ ಪ್ರಾಣ ಹೋಗುತ್ತೆ.

ಲ್ಯಾಬ್ ಟೆಕ್ನಿಷಿಯನ್, ರಾಯಚೂರು:
ಮುಂದಿನ ಟೆಸ್ಟ್ ನಾಲ್ಕರಿಂದ ಆರು ವಾರಕ್ಕೆ. ಆಗ ಟಿಎಸ್ಎಚ್ ಇನ್ನೂ 0.01 ಅಂತಲೇ ಬಂದರೆ ಗಾಬರಿ ಬೀಳಬೇಡಿ ಅಕ್ಕಾರೆ. ಹಾರ್ಮೋನ್ ಸರಿಯಾದ ಮೇಲೂ ಟಿಎಸ್ಎಚ್ ತಿಂಗಳುಗಟ್ಟಲೆ ಮೇಲೆ ಏಳಲ್ಲ. ಅಲ್ಲಿವರೆಗೆ ನೋಡಬೇಕಾದ್ದು ಫ್ರೀ ಟಿ4, ಟಿ3. ಟಿಎಸ್ಎಚ್ ಒಂದೇ ಬರೆದಿದ್ದರೆ ಮೂರನ್ನೂ ಬರೆಸಿಕೊಂಡು ಬನ್ನಿ.